ಪದಚರ್ಚೆ: ‘ಅವ್ಳೊಂಥರಾ’ ಅಂದ್ರೆ ಹೊಗಳಿಕೆನೋ ತೆಗಳಿಕೆನೋ?

ಎಲ್ರಿಗೂ ನಮಸ್ಕಾರ. ಫ್ರೆಂಡ್ಸ್ ಜೊತೆ ನೋಡೋದಕ್ಕೆ ಅಂತ ‘ಮೇ’ ಅನ್ನೋ ಅಮೆರಿಕನ್ ಹಾರರ್ ಸಿನಿಮಾಗೆ ಕನ್ನಡ ಸಬ್‌ಟೈಟಲ್ ಬರೀತಿದೀನಿ. 2002ರದ್ದು, ಲಕ್ಕಿ ಮೆಕೀ ಡೈರೆಕ್ಷನ್ನು, ಸಣ್ಣ ಬಜೆಟ್ಟು, ಥೇಟರಲ್ಲಿ ಅಷ್ಟೇನೂ ಓಡ್ಲಿಲ್ಲ. ಮೇ (ಏಂಜೆಲಾ ಬೆಟಿಸ್ ಮಾಡಿದಾರೆ, ಅದ್ಭುತ) ಪ್ರಾಣಿಗಳ ಆಸ್ಪತ್ರೇಲಿ ಕೆಲಸ ಮಾಡೋ ಹುಡುಗಿ, ಚಿಕ್ಕಂದಿನಿಂದ ಒಂದು ಕಣ್ಣು ಮೆಳ್ಳೆ, ಅದಕ್ಕೇ ಬೇರೆ ಮಕ್ಕಳು ಹತ್ರ ಸೇರಿಸ್ತಿರಲಿಲ್ಲ, ಇರೋ ಒಬ್ಳೇ ಗೆಳತಿ ಅಂದ್ರೆ ಅಮ್ಮ ಕೊಟ್ಟ ಗೊಂಬೆ, ಅದೂ ಗಾಜಿನ ಪೆಟ್ಟಿಗೆ ಒಳಗೆ, ಮುಟ್ಟೋ ಹಾಗಿಲ್ಲ.

ಈಗ ತೊಂದರೆ ‘ವಿಯರ್ಡ್’ ಅನ್ನೋ ಪದದ್ದು. ಆಡಮ್ ಅನ್ನೋ ಹುಡುಗ ಮೊದಮೊದಲು ನಂಗೆ ವಿಯರ್ಡ್ ಅಂದ್ರೆ ತುಂಬ ಇಷ್ಟ ಅಂತಾನೆ. ತಾನೇ ಮಾಡಿದ ಕಿರುಚಿತ್ರ ಬೇರೆ ತೋರಿಸ್ತಾನೆ, ಅದ್ರಲ್ಲಿ ಪ್ರೇಮಿಗಳು ಪಿಕ್ನಿಕ್ಕಿಗೆ ಹೋಗಿ ಒಬ್ರನ್ನೊಬ್ರು ತಿಂತಾರೆ. ಇವ್ಳು ಪಾಪ ಅದನ್ನ ನಿಜ ಅಂದ್ಕೊಂಡು ಮುತ್ತು ಕೊಡ್ತಾ ಅವನ ತುಟಿ ಕಚ್ಚಿಬಿಡ್ತಾಳೆ, ರಕ್ತ, ಅವನು ಪರಾರಿ. ಅಂದ್ರೆ ಮೊದಲು ಯಾವ ಗುಣ ಇಷ್ಟ ಅಂದನೋ ಅದೇ ಗುಣಕ್ಕೇ ಆಮೇಲೆ ಹೆದರ್ತಾನೆ, ಹಾಗಾಗಿ ಎರಡೂ ಕಡೆ ಹೊಂದೋ ಒಂದೇ ಪದ ಬೇಕು.

‘ವಿಚಿತ್ರ’ ಹಾಕಿ ನೋಡ್ದೆ, ಪಾಠದ ಪುಸ್ತಕ ಓದಿದಂಗಿತ್ತು. ‘ತಿಕ್ಲು’ ಅಂದ್ರೆ ಕಾಮಿಡಿ ಆಗೋಗತ್ತೆ. ‘ಹುಚ್ಚಿ’ಯನ್ನ ನಾವು ಪ್ರೀತಿಗೂ ಬಳಸ್ತೀವಿ, ಹೋಗೇ ಹುಚ್ಚಿ ಅಂತೀವಲ್ಲ, ಆದ್ರೆ ಇಲ್ಲಿ ಮೊದಲ ಸೀನಲ್ಲೇ ಹುಚ್ಚಿ ಅಂದ್ರೆ ಕಥೆ ಪೂರ್ತಿ ಹೇಳಿಬಿಟ್ಟಂಗೆ. ಕೊನೆಗೆ ಹೊಳೆದಿದ್ದು ‘ಒಂಥರಾ’. ‘ನೀನೊಂಥರಾ ಕಣೇ’ ಅಂದ್ರೆ ಮುದ್ದು, ‘ಅವ್ಳೊಂಥರಾ, ಹುಷಾರು’ ಅಂದ್ರೆ ದೂರ ಇರು ಅಂತ. ‘ಒಂಥರಾ ಇರೋರೇ ನಂಗಿಷ್ಟ’ ಅಂತ ಬರ್ದಿದೀನಿ, ಸರಿಯಾಗಿ ಕೂತಿದೆ ಅನ್ಸತ್ತೆ. ಆದ್ರೆ ಇದು ಬೆಂಗಳೂರು ಮೈಸೂರು ಕಿವಿಯ ತೀರ್ಪು. ಧಾರವಾಡದ ಕಡೆ ‘ಒಂದ್ ನಮೂನಿ ಅದಾಳ’ ಅಂತಾರಲ್ಲ, ಅದ್ರಲ್ಲಿ ಆ ಮುದ್ದು ಉಂಟಾ ಅಥವಾ ಬರೀ ಅನುಮಾನವಾ? ಕರಾವಳಿಯವ್ರ ‘ಒಂದು ನಮೂನೆ’ ಹೇಗೆ? ಬಲ್ಲವರು ದಯವಿಟ್ಟು ಉದಾಹರಣೆ ಸಮೇತ ಹೇಳಿ.

ಹಾಗೇ ಪರಿಚಯದ ಸಾಲಿಗೆ ಅವಳ ಒಂಟಿತನಕ್ಕೂ ಒಂದು ಪದ ಬೇಕು. ‘ಒಂಟಿ ಹೆಂಗಸು’ ಅಂದ್ರೆ ಪೇಪರಿನ ಕಳ್ಳತನದ ಸುದ್ದಿ ನೆನಪಾಗತ್ತೆ, ‘ಏಕಾಂಗಿ’ ಅಂದ್ರೆ ಹೋರಾಟ. ಸದ್ಯಕ್ಕೆ ‘ಒಬ್ಬಂಟಿ’ ಇಟ್ಟಿದೀನಿ. ಒಬ್ಬ ಗೆಳೆಯ ‘ದೆವ್ವದ ಪಿಚ್ಚರ್ ತಾನೇ, ಹಾಗೇ ಬರಿ’ ಅಂದ. ದೆವ್ವಾನೇ ಇಲ್ಲ ಮಾರಾಯ ಇದ್ರಲ್ಲಿ! ನಮ್ಮ ರಸಗಳ ಲೆಕ್ಕದಲ್ಲಿ ಭಯಾನಕಕ್ಕಿಂತ ಬೀಭತ್ಸ, ಅದಕ್ಕಿಂತ ಜಾಸ್ತಿ ಕರುಣ.

ಇನ್ನೊಂದು, ಸಿನಿಮಾ ನೋಡದವ್ರು ಇಲ್ಲಿಗೇ ಓದೋದು ನಿಲ್ಲಿಸಿ. ಕೊನೇಲಿ ಮೇ ತನಗಿಷ್ಟವಾದ ಕೈ, ಕತ್ತು, ಕಾಲುಗಳನ್ನ ಬೇರೆಬೇರೆಯವ್ರಿಂದ ತಂದು ಹೊಲಿದು ಒಬ್ಬ ಫ್ರೆಂಡನ್ನ ಮಾಡ್ಕೋತಾಳಲ್ಲ, ಅದಕ್ಕಿಡೋ ಹೆಸರು ಏಮಿ. ಇಂಗ್ಲಿಷಲ್ಲಿ ಎರಡೂ ಹೆಸರಿಗೆ ಅವೇ ಮೂರು ಅಕ್ಷರ, ಜಾಗ ಮಾತ್ರ ಅದಲುಬದಲು. ಕನ್ನಡದಲ್ಲೂ ಮೇ ಅನ್ನೋದನ್ನ ಬಿಡಿಸಿ ತಿರುಗಿಸಿದ್ರೆ ‘ಏಮ್’ವರೆಗೆ ಬರತ್ತೆ, ಇಕಾರ ಒಂದು ನಾವೇ ಸೇರಿಸ್ಬೇಕು. ನೋಡೋರಿಗೆ ಅಷ್ಟರಲ್ಲೇ ಹೊಳೆಯುತ್ತಾ, ಇಲ್ಲಾ ಬ್ರಾಕೆಟ್ಟಲ್ಲಿ ಹೇಳ್ಬೇಕಾ?