‘ಮುನ್ಸೂಚನೆ’ ಎಂದರೆ ನೋಟಿಸೋ, ಲೆಕ್ಕವೋ?

ಗೆಳೆಯರೇ,

ಉಪಗ್ರಹಗಳಿಂದ ವಿದ್ಯುತ್ ಜಾಲಕ್ಕೆ ಏನು ಉಪಯೋಗ ಎಂದು ಹೈಸ್ಕೂಲು ಮಕ್ಕಳಿಗಾಗಿ ಒಂದು ಬರಹ ಬರೆಯುತ್ತಿದ್ದೇನೆ. ‘ಫೋರ್‌ಕಾಸ್ಟ್’ ಎಂಬ ಪದಕ್ಕೆ ಕನ್ನಡ ಹುಡುಕುತ್ತ ಸಿಕ್ಕಿಕೊಂಡಿದ್ದೇನೆ. ಮಳೆಗೆ, ಚಂಡಮಾರುತಕ್ಕೆ ‘ಮುನ್ಸೂಚನೆ’ ಸರಿಯಾಗಿದೆ. ಆದರೆ ‘ವಿದ್ಯುತ್ ಮುನ್ಸೂಚನೆ’ ಎಂದು ಬರೆದು ನೋಡಿ. ‘ಮುನ್ಸೂಚನೆ ಇಲ್ಲದೆ ವಿದ್ಯುತ್ ಕಡಿತ’ ಎಂದು ಪೇಪರಿನಲ್ಲಿ ಓದಿಕೊಂಡು ಬಂದವರು ನಾವು. ನಾಳೆ ಹತ್ತರಿಂದ ಐದರವರೆಗೆ ಕರೆಂಟ್ ಇರಲ್ಲ ಎಂಬ ಪ್ರಕಟಣೆಯೇ ನೆನಪಿಗೆ ಬರುತ್ತದೆ, ಅಲ್ವಾ?

ನನಗೆ ಬೇಕಾದ ಅರ್ಥ ಬೇರೆ. ಪಾವಗಡದ ಸೋಲಾರ್ ಪಾರ್ಕನ್ನೇ ತೆಗೆದುಕೊಳ್ಳಿ. ತಿರುಮಣಿ, ವಳ್ಳೂರು ಸುತ್ತಮುತ್ತ ಸುಮಾರು 13,000 ಎಕರೆ, 2,050 ಮೆಗಾವಾಟ್. ಮೋಡದ ಹಿಂಡು ಬಂದರೆ ಉತ್ಪಾದನೆ ಸರ‍್ರನೆ ಇಳಿಯುತ್ತದೆ. ಆ ಕೊರತೆಯನ್ನು ಶರಾವತಿಯಂಥ ಜಲವಿದ್ಯುತ್ ಘಟಕಗಳು ಬೇಗ ತುಂಬಬೇಕು. ಇಲ್ಲದಿದ್ದರೆ ಜಾಲದ ಆವರ್ತನ (ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಹೊಯ್ದಾಡುತ್ತದೆ ಎಂಬುದು) 50 ಹರ್ಟ್ಸಿನಿಂದ ಕೆಳಗೆ ಜಾರುತ್ತದೆ. ಅದಕ್ಕೇ ದಿನವನ್ನು 15 ನಿಮಿಷದ 96 ತುಂಡು ಮಾಡಿರುತ್ತಾರೆ. ಅವುಗಳಿಗೆ ‘ಬ್ಲಾಕ್’ ಎನ್ನುತ್ತಾರೆ. ಯಾವ ಬ್ಲಾಕಿನಲ್ಲಿ ಎಷ್ಟು ವಿದ್ಯುತ್ ಬರುತ್ತದೆ ಎಂದು ಉತ್ಪಾದಕರು ಮೊದಲೇ ಹೇಳಬೇಕು. ಹೇಳಿದ್ದಕ್ಕೂ ಬಂದದ್ದಕ್ಕೂ ವ್ಯತ್ಯಾಸ ಮಿತಿ ಮೀರಿದರೆ ದುಡ್ಡು ಕಟ್ಟಬೇಕು. ಹೀಗೆ ಮೊದಲೇ ಹೇಳುವ ಆ ಸಂಖ್ಯೆಗೆ ನನಗೆ ಹೆಸರು ಬೇಕು.

ಉಪಗ್ರಹ ಬರುವುದು ಇಲ್ಲಿ. 2016ರ ಇನ್ಸಾಟ್-3ಡಿಆರ್, 2024ರ ಇನ್ಸಾಟ್-3ಡಿಎಸ್ ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಸದಾ ನಮ್ಮ ಕಡೆಗೇ ನೋಡುತ್ತಿರುತ್ತವೆ. ಒಂದೊಂದೂ ಅರ್ಧ ಗಂಟೆಗೊಂದು ಚಿತ್ರ ತೆಗೆಯುತ್ತದೆ. ಸರದಿಯಲ್ಲಿ ತೆಗೆದರೆ ಕಾಲು ಗಂಟೆಗೊಂದು ಸಿಗುತ್ತದೆ. ಹಿಂದುಮುಂದಿನ ಎರಡು ಚಿತ್ರ ಹೋಲಿಸಿದರೆ ಮೋಡ ಯಾವ ಕಡೆಗೆ, ಎಷ್ಟು ದೂರ ಸರಿದಿದೆ ಎಂದು ತಿಳಿಯುತ್ತದೆ. ಆ ಮೋಡವನ್ನು ಲೆಕ್ಕದಲ್ಲೇ ಅದೇ ವೇಗದಲ್ಲಿ ಮುಂದಕ್ಕೆ ತಳ್ಳಿ, ಪ್ಯಾನೆಲ್‌ಗಳ ಮೇಲೆ ಎಷ್ಟು ಬಿಸಿಲು ಬಿದ್ದೀತು ಎಂದು ಲೆಕ್ಕ ಹಾಕುತ್ತಾರೆ. ನಾಳೆಯ ಲೆಕ್ಕಕ್ಕೆ ಈ ಉಪಾಯ ಸಾಲದು, ಕಂಪ್ಯೂಟರಿನ ಹವಾಮಾನ ಮಾದರಿಗಳೇ ಬೇಕು. ಮುಂದಿನ ಒಂದೆರಡು ಗಂಟೆಗೆ ಮಾತ್ರ ಇದು ಚೆನ್ನ. ಈ ಕಿರು ಅವಧಿಯದಕ್ಕೆ ‘ನೌಕಾಸ್ಟ್’ (‘ನೌ’ ಎಂದರೆ ಈಗ) ಎನ್ನುತ್ತಾರೆ. ಹಾಗೇ ಬರೆದರೆ ಮಕ್ಕಳು ನೌಕೆ ಎಲ್ಲಿದೆ ಎಂದು ಹುಡುಕುತ್ತಾರೆ!

‘ಮುನ್ನೋಟ’ ಎಂದರೆ ಭಾಷಣದ ವಾಸನೆ, ಅದರಲ್ಲಿ ಸಂಖ್ಯೆ ಇಲ್ಲ. ‘ಭವಿಷ್ಯ’ ರಾಶಿಫಲದವರ ಪಾಲಾಗಿದೆ. ‘ಅಂದಾಜು’ ಜನರ ಬಾಯಲ್ಲಿರುವ ಪದ, ನನಗೂ ಇಷ್ಟ. ಆದರೆ ಆಗಿಹೋದದ್ದಕ್ಕೂ ಅಂದಾಜು ಇರುತ್ತದೆ, ಕಂಟ್ರಾಕ್ಟರು ಕೊಡುವುದೂ ಅಂದಾಜೇ. ಹಾಗಾಗಿ ‘ಮುನ್ನಂದಾಜು’ ಎಂದರೆ ಹೇಗೆ? ಕನ್ನಡಕ್ಕೆ ಪಾರಸಿ ಅಂಟಿಸಿದ್ದೀರಿ ಎಂದು ಕೆಲವರು ಮೂಗು ಮುರಿಯಬಹುದು. ಮುರಿಯಲಿ. ‘ಮುನ್ನೆಣಿಕೆ’ ಹೆಚ್ಚು ಅಚ್ಚಕನ್ನಡ, ಆದರೆ ಮತ ಎಣಿಕೆ ನೆನಪಾಗುತ್ತದೆ.

ನೌಕಾಸ್ಟಿಗೆ ‘ಗಳಿಗೆ ಅಂದಾಜು’ ಎಂದು ಹೊಳೆಯಿತು. ಒಂದು ಗಳಿಗೆ ಎಂದರೆ 24 ನಿಮಿಷ, ಈ ಕೆಲಸದ ಅಳತೆಗೆ ಹತ್ತಿರವೇ ಇದೆ. ಆದರೆ ಒಳ್ಳೆ ಗಳಿಗೆ, ಕೆಟ್ಟ ಗಳಿಗೆ ಎಂದು ಪಂಚಾಂಗ ಅಡ್ಡ ಬರುತ್ತದೋ ಏನೋ. ‘ಸದ್ಯದ ಅಂದಾಜು’ ಬೇಡ, ಅದು ಆಮೇಲೆ ಬದಲಾಗುವ ತಾತ್ಕಾಲಿಕ ಲೆಕ್ಕ ಎಂದಾಗುತ್ತದೆ.

ಇನ್ನೊಂದು ಸಣ್ಣ ಮಾತು. ‘ಎನರ್ಜಿ ಸೆಕ್ಟರ್’ ಎಂಬುದಕ್ಕೆ ಸರ್ಕಾರದವರು ಬಳಸುವ ‘ಇಂಧನ ಕ್ಷೇತ್ರ’ ಬಿಸಿಲಿಗೆ ಒಗ್ಗಲ್ಲ, ಉರಿಸಲು ಅಲ್ಲಿ ಸೌದೆಯೇ ಇಲ್ಲ. ‘ಶಕ್ತಿ ಕ್ಷೇತ್ರ’ ಎಂದರೆ ಅಮ್ಮನವರ ಗುಡಿ, ‘ಶಕ್ತಿ ಯೋಜನೆ’ ಎಂದರೆ 2023ರಿಂದ ಹೆಂಗಸರ ಉಚಿತ ಬಸ್ಸು. ನಾನು ಸುಮ್ನೆ ‘ವಿದ್ಯುತ್ ವಲಯ’ ಎಂದು ಬರೆದುಬಿಟ್ಟಿದ್ದೇನೆ.

ಸಬ್‌ಸ್ಟೇಷನ್, ಲೋಡ್ ಡಿಸ್ಪ್ಯಾಚ್ (ಯಾವ ಘಟಕ ಎಷ್ಟು ವಿದ್ಯುತ್ ಕೊಡಬೇಕು ಎಂದು ಹೇಳುವ ಕೇಂದ್ರ) ಕಡೆ ಕೆಲಸ ಮಾಡುವವರು ಇಲ್ಲಿದ್ದರೆ ಹೇಳಿ: ಫೋನಿನಲ್ಲಿ ಕನ್ನಡದಲ್ಲಿ ಮಾತಾಡುವಾಗ ನೀವು ಏನೆನ್ನುತ್ತೀರಿ? ಪಾವಗಡ ಸೀಮೆಯವರನ್ನೂ ಕೇಳುತ್ತೇನೆ. ಬಿಸಿಲಿನ ನಡುವೆ ಮೋಡದ ನೆರಳು ಹೊಲ ದಾಟಿ ಹೋಗುವುದಕ್ಕೆ ನಿಮ್ಮ ಕಡೆ ಬೇರೆ ಮಾತಿದೆಯಾ? ತೆಲುಗು ಬೆರೆತಿದ್ದರೂ ಪರವಾಗಿಲ್ಲ, ಬರೆಯಿರಿ.