ಪೆಂಡ್ಯುಲಂ ಡ್ರಮ್ ಆ್ಯಂಡ್ ಬೇಸ್ ಬಿಟ್ಟಿದ್ದು ನಿಜನಾ? ದಾವಣಗೆರೆ, ದುರ್ಗದ ಕಡೆಯವರು ಹೇಳಿ

ವಿದ್ಯಾನಗರ174
ನಮ್ಮ ಕಡೆ ಪೆಂಡ್ಯುಲಂ ಅನ್ನೋ ಬ್ಯಾಂಡ್ ಕೇಳುವವರು ಯಾರಾದರೂ ಇದ್ದರೆ ದಯವಿಟ್ಟು ಉತ್ತರ ಕೊಡಿ. ಡ್ರಮ್ ಆ್ಯಂಡ್ ಬೇಸ್ ಅಂದರೆ ವೇಗದ ಡ್ರಮ್, ಭಾರದ ಬೇಸ್ ಮೇಲೆ ನಿಂತ ಎಲೆಕ್ಟ್ರಾನಿಕ್ ಸಂಗೀತ, ಇವರು ಶುರು ಮಾಡಿದ್ದು ಅದರಲ್ಲೇ. ಎರಡು ವಾರದಿಂದ ತಲೆಯಲ್ಲಿ ಇದೇ ಓಡುತ್ತಿದೆ.

ನಾನು ಇವರನ್ನು ಮೊದಲು ಕೇಳಿದ್ದು ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ. ಸೀನಿಯರ್ ಒಬ್ಬರ ಪೆನ್‌ಡ್ರೈವ್‌ನಲ್ಲಿ 2005ರ ‘ಹೋಲ್ಡ್ ಯುವರ್ ಕಲರ್’ ಇತ್ತು. ಆಗ ಪ್ರತಿ ಶನಿವಾರ ದುರ್ಗಕ್ಕೆ, ಅಜ್ಜಿ ಮನೆಗೆ ಹೋಗುತ್ತಿದ್ದೆ. ದಾವಣಗೆರೆ ಸ್ಟ್ಯಾಂಡ್‌ನಿಂದ ಬಸ್ಸು ಹೊರಟ ತಕ್ಷಣ ಇಯರ್‌ಫೋನ್ ಹಾಕಿದರೆ ದುರ್ಗ ಬರುವಷ್ಟರಲ್ಲಿ ಆಲ್ಬಂ ಹೆಚ್ಚುಕಮ್ಮಿ ಮುಗಿಯುತ್ತಿತ್ತು. ಕಿಟಕಿಯ ಆಚೆ ಗುಡ್ಡದ ಮೇಲೆ ಗಾಳಿ ಫ್ಯಾನ್‌ಗಳ ರೆಕ್ಕೆ ಸೋಮಾರಿ ಥರ ತಿರುಗುತ್ತಿರುತ್ತಿದ್ದವು, ಕಿವಿಯೊಳಗೆ ಮಾತ್ರ ನಿಮಿಷಕ್ಕೆ 174 ಬೀಟ್. ಆ ಒಂದು ಗಂಟೆ ನನ್ನದೇ ಅನ್ನಿಸುತ್ತಿತ್ತು.

ಅದೇ ಪೆನ್‌ಡ್ರೈವ್‌ನಲ್ಲಿ ಮುಂದಿನ ಫೋಲ್ಡರ್ 2008ರ ‘ಇನ್ ಸಿಲಿಕೊ’. ಗಿಟಾರ್ ಮುಂದೆ, ಹಾಡುಗಾರಿಕೆ ಮುಂದೆ, ಡ್ರಮ್ ಎಲ್ಲೋ ಹಿಂದೆ. 2010ರ ‘ಇಮ್ಮರ್ಷನ್’ನಲ್ಲಿ ‘ದಿ ಐಲ್ಯಾಂಡ್’ ಬಂದಾಗ ಬೇರೆ ಯಾರದ್ದೋ ಹಾಡು ಸೇರಿಕೊಂಡಿದೆ ಅಂದುಕೊಂಡೆ. 2011ರಲ್ಲಿ ಇದೇ ಬ್ಯಾಂಡಿನ ರಾಬ್ ಸ್ವೈರ್, ಗ್ಯಾರೆತ್ ಮೆಕ್‌ಗ್ರಿಲನ್ ಸೇರಿ ನೈಫ್ ಪಾರ್ಟಿ ಅನ್ನೋ ಬೇರೆ ಜೋಡಿ ಶುರು ಮಾಡಿದರು, ಅದರದ್ದಂತೂ ಬೇರೆಯೇ ಥರದ ಡ್ಯಾನ್ಸ್ ಸಂಗೀತ, ಎಲೆಕ್ಟ್ರೋ ಹೌಸ್, ಡಬ್‌ಸ್ಟೆಪ್. ಇವರು ಯಾಕೆ ಬಿಟ್ಟರು? ನಿಜವಾಗಿ ಬಿಟ್ಟರಾ? ಸುಮ್ನೆ ಇಷ್ಟ, ಇಷ್ಟ ಇಲ್ಲ ಅನ್ನಬೇಡಿ, ಕಾರಣ ಹೇಳಿ.

ಪಿಬಿರೋಡ್‌ಸೌಂಡ್ಸ್
ನಾನು ಸೌಂಡ್ ಬಾಡಿಗೆಗೆ ಕೊಡುವವನು. ಮದುವೆ, ಗಣಪತಿ, ಜಾತ್ರೆ ಎಲ್ಲಕ್ಕೂ. ಹೊಸ ಬಾಕ್ಸ್ ಬಂದರೆ ಗೋಡೌನ್‌ನಲ್ಲಿ ಟೆಸ್ಟ್ ಮಾಡುವುದಕ್ಕೆ ನಾನು ಹಾಕುವುದು ‘ಹೋಲ್ಡ್ ಯುವರ್ ಕಲರ್’ನ ‘ಸ್ಲ್ಯಾಮ್’. 18 ಇಂಚಿನ ಸಬ್, ಅಂದರೆ ಬೇಸ್ ಬಾಕ್ಸ್ ಮೇಲೆ ಚಹಾದ ಲೋಟ ಇಡುತ್ತೇನೆ. ಬೇಸ್ ಬಿದ್ದಾಗ ಚಹಾದ ಮೇಲೆ ಸಣ್ಣ ಸಣ್ಣ ಉಂಗುರ ಏಳುತ್ತವೆ, ಲೋಟ ಮೆಲ್ಲಗೆ ಅಂಚಿನ ಕಡೆ ಸರಿಯುತ್ತದೆ. ಹಾಗಾದರೆ ಬಾಕ್ಸ್ ಸರಿ ಇದೆ ಅಂತ.

ಅದೇ ಬಾಕ್ಸ್‌ನಲ್ಲಿ, ಅದೇ ವಾಲ್ಯೂಮ್‌ನಲ್ಲಿ ‘ಇನ್ ಸಿಲಿಕೊ’ ಹಾಕಿ ನೋಡಿ. ಲೋಟ ಅಷ್ಟು ಸರಿಯುವುದಿಲ್ಲ. ಡಿಸ್ಟಾರ್ಷನ್ ಹಾಕಿದ ಗಿಟಾರ್ ಮಿಡ್, ಅಂದರೆ ಮಧ್ಯದ ಸ್ವರಗಳ ಜಾಗ ಪೂರ್ತಿ ತುಂಬಿಕೊಳ್ಳುತ್ತದೆ. ಹಾಡುವವರ ದನಿಯೂ ಅಲ್ಲೇ ಕೂರಬೇಕು, ಸ್ನೇರ್ ಡ್ರಮ್ಮಿನ ಪೆಟ್ಟೂ ಅಲ್ಲೇ ಕೂರಬೇಕು. ಸೀಟು ಒಂದು, ಕೂರುವವರು ಮೂರು ಜನ. ಹಳೆ ಆಲ್ಬಂನಲ್ಲಿ ಮಧ್ಯ ಜಾಗ ಬಿಟ್ಟಿದ್ದರು, ಅದಕ್ಕೇ ಕೆಳಗಿನ ಬೇಸ್‌ಗೆ ಓಡಾಡುವುದಕ್ಕೆ ಆಗುತ್ತಿತ್ತು. ಆದರೆ ಒಂದು ಮಾತು, ವೇಗ ಮಾತ್ರ ಅಲ್ಲಿ ಬದಲಾಗಿಲ್ಲ. ‘ಪ್ರೊಪೇನ್ ನೈಟ್‌ಮೇರ್ಸ್’ ಕೂಡ 174ರಲ್ಲೇ ಇದೆ. ನಿಮ್ಮ ಕಿವಿಗೆ ಬೇರೆ ಅನ್ನಿಸಿದ್ದು ಮಿಕ್ಸಿಂಗ್‌ನಿಂದ.

ಚಂದ್ರವಳ್ಳಿಕೆರೆ
ಕ್ಷಮಿಸಿ ಅಣ್ಣ, ಇದನ್ನು ನಾನು ಒಪ್ಪುವುದಿಲ್ಲ. 174 ಇದ್ದ ಮಾತ್ರಕ್ಕೆ ಡ್ರಮ್ ಆ್ಯಂಡ್ ಬೇಸ್ ಆಗುತ್ತಾ?

ಇದು ಎಲ್ಲಿಂದ ಬಂದಿದ್ದು ನೋಡಿ. ದಿ ವಿನ್‌ಸ್ಟನ್ಸ್ ಅನ್ನೋ ಅಮೆರಿಕದ ತಂಡ 1969ರಲ್ಲಿ ಮಾಡಿದ ಹಾಡಲ್ಲಿ ಗ್ರೆಗರಿ ಕೋಲ್ಮನ್ ಆರೇಳು ಸೆಕೆಂಡ್ ಒಬ್ಬರೇ ಡ್ರಮ್ ಬಾರಿಸಿದ್ದಾರೆ. ಆ ಆರೇಳು ಸೆಕೆಂಡನ್ನು ಇಂಗ್ಲೆಂಡಿನ ಹುಡುಗರು ಕತ್ತರಿಸಿ, ವೇಗ ಏರಿಸಿ, ಹಿಂದೆ ಮುಂದೆ ಜೋಡಿಸಿ ಜಂಗಲ್ ಅನ್ನೋ ಸಂಗೀತ ಮಾಡಿದರು. ಅದರಿಂದ ಡ್ರಮ್ ಆ್ಯಂಡ್ ಬೇಸ್ ಬೆಳೆಯಿತು. ಅಂದರೆ ಹಾಡುಗಾರ ಇಲ್ಲದಿದ್ದರೂ ಡ್ರಮ್ ಒಂದೇ ಕಥೆ ಹೇಳುವ ಸಂಗೀತ ಇದು. ‘ಇನ್ ಸಿಲಿಕೊ’ದಲ್ಲಿ ಡ್ರಮ್ ಬರೀ ತಾಳ ಹಾಕುವ ಕೆಲಸಕ್ಕೆ ಇಳಿಯಿತು. ಬ್ರೇಕ್‌ಬೀಟ್ ಕೇಯಾಸ್ ಅನ್ನೋ ಸಣ್ಣ ಲೇಬಲ್‌ನಿಂದ ವಾರ್ನರ್‌ಗೆ ಹೋದರು, ಆಲ್ಬಂ ಬ್ರಿಟನ್ ಚಾರ್ಟ್‌ನಲ್ಲಿ ಎರಡನೇ ಸ್ಥಾನಕ್ಕೆ ಬಂತು, ಅದರ ಮುಂದಿನದು ಒಂದನೇ ಸ್ಥಾನಕ್ಕೆ. ಗೆದ್ದರು, ಸಂತೋಷ. ಆದರೆ ಪಿಯುಸಿಯಲ್ಲಿ ನನ್ನ ಜೊತೆ ಈ ಹಾಡು ಕೇಳುವವರು ಒಬ್ಬರೂ ಇರಲಿಲ್ಲ, ಜೊತೆಗಿದ್ದದ್ದು ಆ ಮೊದಲ ಆಲ್ಬಂ ಒಂದೇ. ಅವತ್ತು ಆದ ಬೇಜಾರು ಇವತ್ತಿಗೂ ಹೋಗಿಲ್ಲ.

ಕೋಟೆಹಿಂದಿನಮನೆ
ತಮ್ಮಾ, ನಿನ್ನ ಬೇಜಾರು ಅರ್ಥ ಆಗುತ್ತೆ. ನಾನು ನಿಮ್ಮೆಲ್ಲರಿಗಿಂತ ದೊಡ್ಡವನು ಅನ್ನಿಸುತ್ತೆ, ಕ್ಯಾಸೆಟ್‌ನಲ್ಲಿ ಮೆಟಲ್ ಕೇಳಿ ಬೆಳೆದವನು. ಅದಕ್ಕೇ ಈ ಕಥೆ ನನಗೆ ಬೇರೆ ಥರ ಕಾಣುತ್ತದೆ.

ಸ್ವೈರ್, ಮೆಕ್‌ಗ್ರಿಲನ್ ಇಬ್ಬರೂ ಆಸ್ಟ್ರೇಲಿಯಾದ ಪರ್ತ್‌ನವರು. ಅಲ್ಲಿ ಅವರು ಮೊದಲು ಇದ್ದದ್ದು ಝೈಜನ್ ಅನ್ನೋ ರಾಕ್ ಬ್ಯಾಂಡ್‌ನಲ್ಲಿ. ಒಂದು ಕ್ಲಬ್‌ನಲ್ಲಿ ಕಾನ್‌ಫ್ಲಿಕ್ಟ್ ಅನ್ನೋ ಜೋಡಿಯ ಡ್ರಮ್ ಆ್ಯಂಡ್ ಬೇಸ್ ಹಾಡು ಕೇಳಿ ಈ ಕಡೆ ಹೊರಳಿದರು. ಆಗಲೇ ಡಿಜೆ ಆಗಿದ್ದ ಪಾಲ್ ಹಾರ್ಡಿಂಗ್ ಸೇರಿಕೊಂಡರು, 2002ರಲ್ಲಿ ಪೆಂಡ್ಯುಲಂ ಆಯಿತು, ಮರುವರ್ಷ ಇಂಗ್ಲೆಂಡಿಗೆ ಹೋದರು. ನೀವೆಲ್ಲ ರಾಕ್‌ಗೆ ಹೋದರು ಅನ್ನುತ್ತೀರಿ. ರಾಕ್ ಅವರ ಹುಟ್ಟೂರು ಕಣ್ರಪ್ಪಾ. ಹಬ್ಬಕ್ಕೆ ಊರಿಗೆ ಬಂದ ಹಾಗೆ ಬಂದರು. ವೇದಿಕೆಗೆ ನಿಜವಾದ ಡ್ರಮ್ಮರ್, ಗಿಟಾರ್ ವಾದಕ ಬಂದ ಮೇಲೆ ಅವರೊಳಗಿದ್ದ ಆಸೆ ಹೊರಗೆ ಬಂತು. ‘ಇಮ್ಮರ್ಷನ್’ನಲ್ಲಿ ಮೆಟಲ್ ಬ್ಯಾಂಡ್ ಇನ್ ಫ್ಲೇಮ್ಸ್ ಇದ್ದಾರೆ, ರಾಕ್ ಹಾಡುಗಾರ ಸ್ಟೀವನ್ ವಿಲ್ಸನ್ ಇದ್ದಾರೆ. ಬರೀ ದುಡ್ಡಿಗೆ ಮಾಡಿದ್ದಾದರೆ ಇವರನ್ನೆಲ್ಲ ಯಾಕೆ ಕರೆಯುತ್ತಿದ್ದರು ಹೇಳಿ?

ಡೊಳ್ಳುಕೈ
ಹೊಳಲ್ಕೆರೆ ಕಡೆಯವನು ನಾನು. ಅಪ್ಪನ ಕಾಲದಿಂದ ಡೊಳ್ಳು ಬಾರಿಸುತ್ತೇವೆ. ಈ ಹಾಡುಗಳನ್ನು ನನಗೆ ಕೇಳಿಸಿದ್ದು ತಂಗಿ ಮಗ.

ನಮ್ಮಲ್ಲಿ ಒಂದು ಕೈಯಲ್ಲಿ ಕೋಲು, ಇನ್ನೊಂದು ಬರಿಗೈ. ಶುರುವಿಗೆ ನಿಧಾನ ಬಾರಿಸುತ್ತೇವೆ. ಆಮೇಲೆ ಹೆಜ್ಜೆ ಹಾಗೇ ಇರುತ್ತದೆ, ಪೆಟ್ಟು ಮಾತ್ರ ಎರಡರಷ್ಟಾಗುತ್ತದೆ. ನಾನು ಇವರ ಹಾಡು ಕೇಳುವಾಗಲೂ ತೊಡೆಯ ಮೇಲೆ ಎಣಿಸುತ್ತೇನೆ. 174 ಅಂತ ನೀವು ಅನ್ನುವುದನ್ನು ನನ್ನ ಕಾಲು 87 ಅಂತ ನಡೆಯುತ್ತದೆ, ಕೈ ಮಾತ್ರ 174. ಅದಕ್ಕೇ ಇದು ಓಡಿದ ಹಾಗೂ ಕೇಳುತ್ತದೆ, ತೂಗಿದ ಹಾಗೂ ಕೇಳುತ್ತದೆ. ‘ಇನ್ ಸಿಲಿಕೊ’ದಲ್ಲಿ ಇದು ಇದೆ, ನಾನು ಎಣಿಸಿ ನೋಡಿದ್ದೇನೆ. ‘ದಿ ಐಲ್ಯಾಂಡ್’ನಲ್ಲಿ ಇಲ್ಲ. ಅಲ್ಲಿ ಕಾಲೂ ಕೈಯೂ ಒಂದೇ ಆಗಿಬಿಟ್ಟಿವೆ, ದಪ್ ದಪ್ ದಪ್ ದಪ್ ಅಂತ. ಬಿಟ್ಟಿದ್ದಾರೆ ಅನ್ನುವುದಾದರೆ ಅಲ್ಲಿ ಬಿಟ್ಟಿದ್ದಾರೆ, ಅದಕ್ಕಿಂತ ಮುಂಚೆ ಬಿಟ್ಟಿಲ್ಲ.

ಚಂದ್ರವಳ್ಳಿಯವರು ಡ್ರಮ್ ಹಿಂದೆ ಹೋಯಿತು ಅಂದರು. ಪದ ಹೇಳುವವರು ದನಿ ಎತ್ತಿದರೆ ನಾವೂ ಡೊಳ್ಳು ತಗ್ಗಿಸುತ್ತೇವೆ. ಅದೇನು ಅವಮಾನ ಅಲ್ಲ.

ಚಂದ್ರವಳ್ಳಿಕೆರೆ
ಅಣ್ಣ, ಅದು ಸರಿ. ಆದರೆ ಪದ ಮುಗಿದ ಮೇಲೆ ನಿಮ್ಮ ಡೊಳ್ಳು ಮತ್ತೆ ಏಳುತ್ತದೆ ಅಲ್ವಾ? ಇಡೀ ಬೀದಿ ನಡುಗುತ್ತದೆ. ನಾನು ಅದಕ್ಕೇ ಕಾಯುತ್ತಾ ಕೂತಿದ್ದೆ. ಆ ಆಲ್ಬಂನಲ್ಲಿ ಪದ ಮುಗಿದರೆ ಗಿಟಾರ್ ಎದ್ದು ನಿಲ್ಲುತ್ತದೆ.

‘ದಿ ಐಲ್ಯಾಂಡ್’ ಬಗ್ಗೆ ನೀವು ಹೇಳಿದ್ದು ಮಾತ್ರ ನೂರಕ್ಕೆ ನೂರು ನಿಜ. ನನಗೆ ಏನೋ ತಪ್ಪಿದೆ ಅಂತ ಗೊತ್ತಾಗುತ್ತಿತ್ತು, ಏನು ಅಂತ ಹೇಳುವುದಕ್ಕೆ ಬರುತ್ತಿರಲಿಲ್ಲ.

ಕೋಟೆಹಿಂದಿನಮನೆ
ಎದ್ದೇಳುವುದಕ್ಕೆ ಕಾಯುತ್ತಿದ್ದರೆ ಈಚಿನದ್ದು ಕೇಳಿ. 2016ರಲ್ಲಿ ಮಯಾಮಿಯ ಅಲ್ಟ್ರಾ ಸಂಗೀತೋತ್ಸವದ ವೇದಿಕೆಗೆ ಮತ್ತೆ ಬಂದರು, 2020ರಲ್ಲಿ ಹೊಸ ಹಾಡು ಬಿಟ್ಟರು, 2025ರಲ್ಲಿ ‘ಇನರ್ಷಿಯಾ’. 15 ವರ್ಷ ಆದ ಮೇಲೆ ಬಂದ ಪೂರ್ತಿ ಆಲ್ಬಂ. ಮೆಟಲ್ ಜಾಸ್ತಿ ಇದೆ, ನಿನಗೆ ಸಿಟ್ಟು ಬರಬಹುದು. ಆದರೂ ಒಂದು ಸಲ ಪೂರ್ತಿ ಕೇಳು ತಮ್ಮಾ, ಮಧ್ಯ ನಿಲ್ಲಿಸಬೇಡ.

ವಿದ್ಯಾನಗರ174
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ದುರ್ಗಕ್ಕೆ ಹೋಗುವುದಿತ್ತು. ಬೇಕು ಅಂತಲೇ ‘ಇನ್ ಸಿಲಿಕೊ’ ಹಾಕಿಕೊಂಡು ಹೋದೆ. ಡೊಳ್ಳು ಅಣ್ಣ ಹೇಳಿದ ಹಾಗೆ ಕಾಲಲ್ಲಿ 87, ಬೆರಳಲ್ಲಿ 174 ಎಣಿಸಿದೆ. ಮೊದಲ ಎರಡು ಹಾಡು ತಪ್ಪಿತು, ‘ಪ್ರೊಪೇನ್ ನೈಟ್‌ಮೇರ್ಸ್’ಗೆ ಸರಿಯಾಗಿ ಸಿಕ್ಕಿತು. ಭರಮಸಾಗರ ದಾಟಿದ ಮೇಲೆ ಆ ಗಾಳಿ ಫ್ಯಾನ್‌ಗಳು ಕಾಣಿಸಿದವು. ಹಾಸ್ಟೆಲ್ ಕಾಲದಲ್ಲಿ ನಾನು ಬೈದುಕೊಂಡು ಮುಂದಕ್ಕೆ ಹಾಕಿದ ಹಾಡುಗಳನ್ನೇ ನಿನ್ನೆ ಎರಡೆರಡು ಸಲ ಕೇಳಿದೆ.

‘ದಿ ಐಲ್ಯಾಂಡ್’ ಇನ್ನೂ ಆಗುತ್ತಿಲ್ಲ. ಅದು ಬಂದರೆ ಈಗಲೂ ಕೈ ತಾನಾಗೇ ಮುಂದಿನ ಹಾಡಿಗೆ ಹೋಗುತ್ತದೆ.

ಪಿಬಿರೋಡ್ ಅಣ್ಣ, ಬಾಡಿಗೆ ಇಲ್ಲದ ದಿನ ನಿಮ್ಮ ಗೋಡೌನ್‌ಗೆ ಬರಬಹುದಾ? ಎರಡೂ ಆಲ್ಬಂ ಆ 18 ಇಂಚಿನ ಬಾಕ್ಸ್‌ನಲ್ಲೇ ಕೇಳಬೇಕು. ಚಂದ್ರವಳ್ಳಿಯವರೇ, ನೀವೂ ಬನ್ನಿ.

ಪಿಬಿರೋಡ್‌ಸೌಂಡ್ಸ್
ಬುಧವಾರ ಬನ್ನಿ, ಹನ್ನೊಂದರ ಮೇಲೆ. ಎಲ್ಲ ಬಾಕ್ಸೂ ಗೋಡೌನ್‌ನಲ್ಲೇ ಇರುತ್ತವೆ. ಡೊಳ್ಳು ಅಣ್ಣ, ಆಗುವುದಾದರೆ ಡೊಳ್ಳು ತನ್ನಿ, ಒಂದು ಮೈಕ್ ಇಟ್ಟಿರುತ್ತೇನೆ.