ಮುತ್ತಜ್ಜನ ಮಿಲಿಟರಿ ರೆಕಾರ್ಡ್ ಹುಡುಕೋದು ಹೆಂಗೆ? ಮೆಡಲ್ ಐತೆ, ಕಾಗದ ಇಲ್ಲ

ಹೊಳಲ್ಕೆರೆ ಹುಡ್ಗ
ಎಲ್ರಿಗೂ ನಮಸ್ಕಾರ. ನಮ್ದು ಹೊಳಲ್ಕೆರೆ ಕಡೆ ಹಳ್ಳಿ, ಈಗಿರೋದು ದಾವಣಗೆರೆಲಿ. ನಮ್ಮ ಅಜ್ಜಿಯ ಅಪ್ಪ ಮೈಸೂರು ಮಹಾರಾಜರ ಮಿಲಿಟರಿಲಿ ಇದ್ರು, ಈಗಿನ ಇಸ್ರೇಲ್‌ನ ಹೈಫಾದಲ್ಲಿ ಕುದುರೆ ಮೇಲೆ ಯುದ್ಧ ಮಾಡಿದೋರು ಅಂತ ಮನೇಲಿ ಎಲ್ರೂ ಹೇಳ್ತಾರೆ ಆದ್ರೆ ಒಂದು ಚೀಟಿನೂ ಉಳಿದಿಲ್ಲ, ಟ್ರಂಕಲ್ಲಿ ಎರಡು ಮೆಡಲ್ ಅಷ್ಟೇ. ಒಂದು ಆರು ಮೂಲೆ ನಕ್ಷತ್ರ. ಇನ್ನೊಂದು ರೌಂಡು, ಅದ್ರಲ್ಲಿ ಎರಡು ತಲೆ ಪ್ರಾಣಿ ಮೇಲೆ ಸಿಂಹ ನಿಂತೈತೆ, ಅದು ಗಂಡಭೇರುಂಡ, ಅರಮನೆದೇ ಮೆಡಲ್ ಅಂತಾರೆ ಅಪ್ಪಾಜಿ. ಪ್ರತಿ ಆಯುಧಪೂಜೆಗೆ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಅಕ್ಷರ ಎಲ್ಲ ಸವೆದೋಗ್ಯಾವೆ. ಅಜ್ಜಿಗೆ ಈಗ 88. ಅವರು ಐದು ವರ್ಷದೋರಿದ್ದಾಗ ಕಾಗದ ಬರೋದು ನಿಂತು, ಮೂರು ವರ್ಷ ಸುದ್ದಿನೇ ಇರ್ಲಿಲ್ವಂತೆ, ಆಮೇಲೆ ಸೊರಗಿ ಕಡ್ಡಿ ಆಗಿ ಬಂದ್ರಂತೆ. ಜೊತೆಗೆ ಹೋದ ತಮ್ಮ ಬರ್ಲೇ ಇಲ್ಲ. ಎಲ್ಲಿಂದ ಶುರು ಮಾಡ್ಲಿ?

ದುರ್ಗದ ಕಲ್ಲು
ಬೇಜಾರ್ ಮಾಡ್ಕೋಬೇಡಿ ತಮ್ಮಾ, ನಿಮ್ಮ ಮುತ್ತಜ್ಜ ಹೈಫಾಗೆ ಹೋಗಿಲ್ಲ. ಹೈಫಾ ಆಗಿದ್ದು 1918ರ ಸೆಪ್ಟೆಂಬರ್ 23ಕ್ಕೆ, ನಿಮ್ಮಜ್ಜಿ ಹೇಳೋದು 1942ರ ಆಚೀಚೆ ಕಥೆ. ನಮ್ ಕಡೆ ಹಿಂಗೇ, ದುರ್ಗದಲ್ಲಿ ಯಾರನ್ನ ಕೇಳಿದ್ರೂ ಅವರ ಹಿರೀಕರು ಹೈದರಾಲಿ ಜೊತೆ ಬಡಿದಾಡಿದೋರೇ, ಮೈಸೂರು ಮಿಲಿಟರಿ ಅಂದ್ರೆ ಎಲ್ರೂ ಹೈಫಾನೇ 😀 ಆ ಸಿಂಹದ ಕಾಲಡಿ ಇರೋದು ಗಂಡಭೇರುಂಡ ಅಲ್ಲ, ಎರಡು ತಲೆ ಡ್ರ್ಯಾಗನ್. ಅದು 1939-45ರ ವಾರ್ ಮೆಡಲ್, ತಿರುಗಿಸಿ ನೋಡಿ, ಆರನೇ ಜಾರ್ಜ್ ರಾಜನ ಮುಖ ಇರುತ್ತೆ. ಮೊದಲ್ನೇ ಯುದ್ಧದ್ದಾಗಿದ್ರೆ ಐದನೇ ಜಾರ್ಜ್.
ಮೂರು ವರ್ಷ ಸುದ್ದಿ ಇಲ್ಲ ಅಂದ್ರೆ ನಂಗೆ ಸಿಂಗಾಪುರ ಅನ್ಸುತ್ತೆ. ಫಸ್ಟ್ ಮೈಸೂರು ಇನ್‌ಫೆಂಟ್ರಿ, ಅಂದ್ರೆ ಮಹಾರಾಜರ ಕಾಲಾಳು ಪಡೆ, ಅಲ್ಲೇ ಇತ್ತು, 1942ರ ಫೆಬ್ರವರಿ 15ಕ್ಕೆ ಸಿಂಗಾಪುರ ಬಿದ್ದಾಗ ಎಲ್ರೂ ಜಪಾನ್‌ನೋರ ಕೈಗೆ ಸೆರೆ ಸಿಕ್ರು, 1945ರ ತನಕ ಅಲ್ಲೇ. ಅಜ್ಜಿ ಬಾಯಲ್ಲಿ ಸಿಂಗಾಪುರ, ಮಲಯ ಅಂತ ಯಾವತ್ತಾದ್ರೂ ಬಂದೈತಾ ಕೇಳಿ. ಈಗಲೇ ಕೇಳಿ ಫೋನಲ್ಲಿ ರೆಕಾರ್ಡ್ ಮಾಡ್ಕಳಿ, ಆಫೀಸ್ ಫೈಲು ಎಲ್ಲೂ ಓಡೋಗಲ್ಲ.

ಮಾಜಿ ಸೈನಿಕ
ಮೇಲಿನೋರು ಹೇಳಿದ್ದು ಸರಿ ಇದೆ. ಆ ಬೆಟಾಲಿಯನ್ ಆಮೇಲೆ ಮದ್ರಾಸ್ ರೆಜಿಮೆಂಟ್‌ಗೆ ಸೇರಿ 18ನೇ ಮದ್ರಾಸ್ ಆಯ್ತು, ರೆಜಿಮೆಂಟಲ್ ಸೆಂಟರ್ ಊಟಿ ಹತ್ರ ವೆಲಿಂಗ್ಟನ್‌ನಲ್ಲಿದೆ, ಅಲ್ಲಿಗೆ ಒಂದು ಪತ್ರ ಹಾಕಿ. ಸಂಸ್ಥಾನದ ಹಳೇ ಫೈಲುಗಳಿಗೆ ವಿಧಾನಸೌಧದಲ್ಲಿರೋ ರಾಜ್ಯ ಪತ್ರಾಗಾರ. ಹುಡುಕುವಾಗ ಚಿತ್ರದುರ್ಗ ಅಂತ ಹಾಕಿದ್ರೆ ಏನೂ ಸಿಗಲ್ಲ ಸರ್, ಬ್ರಿಟಿಷರು ಚಿತಲ್‌ಡ್ರೂಗ್ ಅಂತ ಬರೀತಿದ್ರು. ಹೆಸರನ್ನಂತೂ ಹತ್ತು ಥರ ಬರೆದಿರ್ತಾರೆ, ಅದಕ್ಕೇ ಅಪ್ಪನ ಹೆಸರು, ಊರು, ಸಿಪಾಯಿ ನಂಬರ್ ಇದ್ರೆ ಅದೂ ಇಟ್ಕೊಂಡು ಹುಡುಕಿ.
ವಾಪಸ್ ಬರದ ತಮ್ಮನ್ನ ಹುಡುಕೋದು ಇನ್ನೂ ಸುಲಭ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ವೆಬ್‌ಸೈಟಲ್ಲಿ ತೀರಿಹೋದೋರ ಹೆಸರು ಮಾತ್ರ ಇರುತ್ತೆ, ಬದುಕಿ ಬಂದೋರದ್ದು ಇರಲ್ಲ. ಸಮಾಧಿ ಇಲ್ದೋರ ಹೆಸರನ್ನ ಸಿಂಗಾಪುರದ ಕ್ರಾಂಜಿ ಸ್ಮಾರಕದ ಕಂಬಗಳ ಮೇಲೆ ಕೆತ್ತಿದಾರೆ, 24 ಸಾವಿರಕ್ಕೂ ಜಾಸ್ತಿ ಹೆಸರಿದೆ. ಖರ್ಚಿಲ್ಲ, ಇವತ್ತೇ ನೋಡಿ.

ಹರಪನಹಳ್ಳಿ ಎಕ್ಸ್‌ಪ್ರೆಸ್
ಬೇರೆಯೋರು ಓದ್ತಿದ್ರೆ ಒಂದ್ಮಾತು, ನಮ್ ಹರಪನಹಳ್ಳಿ ಕಡೆಯೋರಾದ್ರೆ ಮೈಸೂರು ಫೈಲಲ್ಲಿ ಹುಡುಕಿ ಟೈಮ್ ವೇಸ್ಟ್ ಮಾಡ್ಬೇಡಿ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿಸಿದ್ರೂ ಆ ಕಾಲಕ್ಕೆ ಅದು ಬಳ್ಳಾರಿ ಜಿಲ್ಲೆ, ಮದ್ರಾಸ್ ಪ್ರೆಸಿಡೆನ್ಸಿ. ನಾನು ಎರಡು ವರ್ಷ ತಪ್ಪು ಜಾಗದಲ್ಲಿ ಅಗೆದೆ.

ಹೊಳಲ್ಕೆರೆ ಹುಡ್ಗ
ಎಲ್ರಿಗೂ ಥ್ಯಾಂಕ್ಸ್. ಆರನೇ ಜಾರ್ಜೇ, ಲೆನ್ಸ್ ಇಟ್ಟು ನೋಡ್ದೆ. ಅಪ್ಪಾಜಿ ಗಂಡಭೇರುಂಡ ಬಿಟ್ಕೊಡೋಕೆ ಇನ್ನೂ ರೆಡಿ ಇಲ್ಲ. ಅಜ್ಜಿನ ಕೇಳಿದ್ರೆ "ಸಿಂಗಾಪುರ ಅಂತಿದ್ರು ಕಣಪ್ಪ, ನಾನು ಅದು ಬೆಂಗ್ಳೂರ್ ಹತ್ರ ಎಲ್ಲೋ ಅನ್ಕಂಡಿದ್ದೆ" ಅಂದ್ರು. ಚಿಕ್ಕಜ್ಜನ ಹೆಸರು ಯಾವ್ಯಾವ ಸ್ಪೆಲಿಂಗಲ್ಲಿ ಬರ್ಬೋದು ಅಂತ ಬರ್ಕೊಂಡು ಕೂತಿದೀನಿ, ಹನ್ನೊಂದು ಆಯ್ತು. ಅಂದಂಗೆ ಹುಣಸೆಹಣ್ಣು ನಿಲ್ಲಿಸ್ಬೇಕಾ?

ಮಾಜಿ ಸೈನಿಕ
ತಕ್ಷಣ ನಿಲ್ಲಿಸಿ. ಒಣ ಕಾಟನ್ ಬಟ್ಟೇಲಿ ಒರೆಸಿ ಸಾಕು.